ಅರವತ್ತು ಗುಡಿಗಳ ಚೈತ್ರ

ನಲವತ್ತು ರೂಪಾಯಿ ಕೊಟ್ಟೆ, ಒಂದು ಹಿಡಿ ಬೇವಿನ ಹೂವಿಗೆ. ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ, ಅದಕ್ಕೇ ಕಾರಣ ಹೇಳಿಬಿಡುತ್ತೇನೆ. ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಹತ್ತರ ಮೇಲೆ ದಾದರ್ ಸ್ಟೇಷನ್ನಿನ ಹೂವಿನ ಬೀದಿಯಲ್ಲಿ ಬೇವು ಮಾರುವವಳ ಮುಂದೆ ಉಳಿದಿದ್ದದ್ದು ಎರಡೇ ಕಟ್ಟು, ಸುತ್ತ ನಿಂತವರು ಏಳು ಮಂದಿ. ಅಂಥ ಹೊತ್ತಿನಲ್ಲಿ ಬಾಯಿ ತೆರೆದವರಿಗೆ ಬೇವೂ ಇಲ್ಲ, ಮರ್ಯಾದೆಯೂ ಇಲ್ಲ. ಯಾವಾಗ ಸುಮ್ಮನೆ ಪರ್ಸ್ ತೆಗೆಯಬೇಕು ಎಂದು ತಿಳಿಯುವುದೂ ಚೌಕಾಸಿಯ ಒಂದು ಭಾಗವೇ.

ವಾಪಸು ಬರುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಡಿಲಲ್ಲಿದ್ದ ಚೀಲದಿಂದ ಆ ಹೂವಿನ ವಾಸನೆ, ಅರ್ಧ ಕಹಿ ಅರ್ಧ ಜೇನು, ಬಾಂದ್ರಾ ದಾಟುವಷ್ಟರಲ್ಲಿ ನನ್ನನ್ನು ಹಿಡಿದು ಹತ್ತು ವರ್ಷ ಹಿಂದಕ್ಕೆ ಕೂರಿಸಿತು.

ಆಗ ನಾವು ಅಂಧೇರಿ ಪೂರ್ವದ ಒಂದು ಚಾಳಿನಲ್ಲಿದ್ದೆವು. ಒಂದೇ ಕೋಣೆ, ಒಂದೇ ಕಿಟಕಿ. ಕಿಟಕಿಯ ಹೊರಗೆ ನೀರಿನ ನಲ್ಲಿ, ನಲ್ಲಿಯ ಮೇಲೆ ಬಾಗಿದ ಒಂದು ಬೇವಿನ ಮರ. ಮುಂಬೈಯಲ್ಲಿ ವಸಂತ ಎಲ್ಲಿದೆ, ಬೇಸಗೆ ಮಳೆ ಎರಡೇ ತಾನೇ ಎಂದು ಕೇಳುವವರಿದ್ದಾರೆ. ಅವರಿಗೆ ಕಿಟಕಿ ತೆರೆಯುವ ಅಭ್ಯಾಸವಿಲ್ಲ ಎಂದು ನನ್ನ ಗುಮಾನಿ. ಹೋಳಿ ಮುಗಿದು ನಾಲ್ಕು ದಿನಕ್ಕೆ ಆ ಮರದ ಹೂವು ಕಂಬಿಯ ಸಂದಿಯಿಂದ ಉದುರಿ ನನ್ನ ಹೊಲಿಗೆ ಮಿಷನ್ನಿನ ಮೇಲೆ ಬೀಳುತ್ತಿತ್ತು. ಸೂಜಿಯ ಕೆಳಗೆ ಸಿಕ್ಕಿ ಎಷ್ಟೋ ಹೂವು ಗಿರಾಕಿಗಳ ಸೀರೆಯಂಚಿನಲ್ಲೇ ಹೊಲಿಗೆಯಾಗಿ ಹೋಗಿವೆ. ಯಾರೂ ದೂರು ತಂದಿಲ್ಲ.

ನನ್ನ ಕೆಲಸ ಫಾಲ್ ಮತ್ತು ಪಿಕೋ. ಬೇರೆಯವರು ಕೊಂಡ ಸೀರೆಯ ಅಂಚಿಗೆ ಪಟ್ಟಿ ಹಚ್ಚುವುದು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ. ನಮ್ಮವರು ಹೋಟೆಲೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದರು. ಊಟಕ್ಕೆ ಕೊರತೆ ಇರಲಿಲ್ಲ. ಆದರೆ ನಾನು ಹೊಲಿದದ್ದು ಯಾವುದೂ ನನ್ನದೆನ್ನುವ ಹಾಗಿರಲಿಲ್ಲ. ಸೀರೆಯ ಒಳಮೈಗೆ ಹಚ್ಚಿದ ಪಟ್ಟಿಯನ್ನು ಯಾರು ನೋಡುತ್ತಾರೆ?

ಆ ವರ್ಷ ನನಗೊಂದು ಬಾಗಿಲು ತೆರೆಯಿತು. ದಾದರಿನಲ್ಲಿ ಹಬ್ಬದ ಸಾಮಾನಿನ ಅಂಗಡಿ ನಡೆಸುವ ನೀಲಾ ವಹಿನಿ (ಅತ್ತಿಗೆ ಎನ್ನುವುದಕ್ಕೆ ಮರಾಠಿಯಲ್ಲಿ ವಹಿನಿ, ಗಿರಾಕಿಗಳೆಲ್ಲ ಹಾಗೇ ಕರೆಯುವುದು) ನನ್ನ ಹೊಲಿಗೆಯನ್ನು ಯಾರದೋ ಸೀರೆಯಲ್ಲಿ ನೋಡಿ ಕರೆಸಿದರು. ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಕತ್ತರಿಯ ಹಾಗೆ.

"ಪಾಡ್ವಾಕ್ಕೆ ಗುಡಿಯ ಬಟ್ಟೆ ಬೇಕು. ಖಣದ್ದೇ ಆಗಬೇಕು. ಅರವತ್ತು. ಹಬ್ಬಕ್ಕೆ ಎರಡು ದಿನ ಮೊದಲು ಇಲ್ಲಿರಬೇಕು. ಚೆನ್ನಾಗಿದ್ದರೆ ವರ್ಷವಿಡೀ ಕೆಲಸ ನಿನಗೇ. ತಪ್ಪಿದರೆ ಇನ್ನೊಮ್ಮೆ ಬರಬೇಡ."

ಊರಲ್ಲಿರುವ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮಗೆ ಯುಗಾದಿಯಾದ ದಿನವೇ ಮರಾಠಿಯವರಿಗೆ ಗುಡಿ ಪಾಡ್ವಾ. ಉದ್ದದ ಕೋಲಿನ ತುದಿಗೆ ಜರಿಯಂಚಿನ ಹೊಸ ಬಟ್ಟೆಯನ್ನು ನೆರಿಗೆ ಹಿಡಿದು ಕಟ್ಟಿ, ಬೇವು, ಮಾವಿನೆಲೆ, ಸಕ್ಕರೆಯ ಹಾರ ಹಾಕಿ, ಮೇಲೊಂದು ತಂಬಿಗೆ ಬೋರಲು ಹಾಕಿ ಕಿಟಕಿಯಲ್ಲಿ ನಿಲ್ಲಿಸುತ್ತಾರೆ. ಅದು ಅವರ ಗುಡಿ. ಖಣವೆಂದರೆ ಉತ್ತರ ಕರ್ನಾಟಕದಲ್ಲಿ ನೇಯುವ ರವಿಕೆಯ ಬಟ್ಟೆ, ಮೈತುಂಬ ಸಣ್ಣ ಬುಟ್ಟಾ, ಗಟ್ಟಿ ಬಣ್ಣ. ಅದನ್ನು ನೇಯುವವರಿಗಿಂತ ಹೆಚ್ಚು ಪ್ರೀತಿಯಿಂದ ತೊಡುವವರು ಇಲ್ಲಿಯ ಮರಾಠಿ ಹೆಂಗಸರು.

ಖಣಕ್ಕೆ ನನಗೆ ದಾರಿ ಇತ್ತು. ಶರಣವ್ವ. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಬಂದು ಆರು ತಿಂಗಳಾಗಿತ್ತು. ತಲೆಯ ಮೇಲೆ ಮರಳು ಹೊರುತ್ತಿದ್ದಳು. ಒಂದು ದಿನ ನಲ್ಲಿಯ ಹತ್ತಿರ ನಿಂತು ನನ್ನ ಮಿಷನ್ನಿನ ಸದ್ದು ಕೇಳಿ, "ಬಾಬಿನ್ ಸಡ್ಲ ಆಗೇದ್ರಿ ಅಕ್ಕಾರ" ಎಂದಳು. ಕಣ್ಣಿಂದ ನೋಡಿರಲಿಲ್ಲ, ಕಿವಿಯಿಂದಲೇ ಹೇಳಿದ್ದು. ಊರಲ್ಲಿ ಹೊಲಿಗೆ ಕಲಿತವಳಂತೆ. ಮರುದಿನವೇ ಬಾಡಿಗೆಗೆ ಎರಡನೇ ಮಿಷನ್ನು ತಂದು ಕೂರಿಸಿದೆ. ಅವಳ ತವರಿನಲ್ಲಿ ಅಣ್ಣ ಮಗ್ಗದವನು. ಅವನೊಡನೆ ಮೂರು ಸಂಜೆ ಫೋನಿನಲ್ಲಿ ಹಗ್ಗಜಗ್ಗಾಟ ಮಾಡಿ, ಕೊನೆಗೆ "ನಿಮ್ಮ ಮಾತ ಕೇಳಿ ಮಗ್ಗಾನ ನಿಂತೈತ್ರಿ ಅಕ್ಕಾರ, ತಗೋರಿ" ಎಂದು ಅವನೇ ಸೋತ ಮೇಲೆ, ಅರವತ್ತು ಖಣ ಬಸ್ಸಿನ ಮೇಲೆ ಬಂದಿಳಿದವು. ಕೈಯಲ್ಲಿದ್ದ ದುಡ್ಡೆಲ್ಲ ಅದರಲ್ಲಿ ಹೋಯಿತು. ಗಂಟು ಬಿಚ್ಚಿದಾಗ ಗಂಜಿಯ ವಾಸನೆ ಕೋಣೆ ತುಂಬಿತು. ಕುಂಕುಮ, ಹಸಿರು, ನವಿಲು, ಅರಿಸಿನ. ಆ ಕೋಣೆಯ ಗೋಡೆ ನಾಲ್ಕು ವರ್ಷದಿಂದ ಸುಣ್ಣ ಕಂಡಿರಲಿಲ್ಲ, ಅಂದು ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆಗಲೇ ನಾನು ತಪ್ಪು ಮಾಡಿದ್ದು. ಡೊಂಬಿವಲಿಯ ಒಂದು ಮದುವೆ ಮನೆಗೆ ಮೂರು ದಿನ ಅಲ್ಲೇ ಉಳಿದು ಸೀರೆಗಳ ಕೆಲಸ ಮಾಡಿಕೊಡುತ್ತೇನೆಂದು ಮೊದಲೇ ಒಪ್ಪಿದ್ದೆ. ಒಂದು ಮಾದರಿ ಹೊಲಿದಿಟ್ಟು ಹೋಗಬೇಕಿತ್ತು. ಲೋಕಲ್ ಹಿಡಿಯುವ ಅವಸರದಲ್ಲಿ ಬಾಗಿಲಲ್ಲೇ ನಿಂತು ಹೇಳಿದೆ.

"ಶರಣವ್ವ, ಇದಿಷ್ಟೂ ಗುಡಿಯ ಬಟ್ಟೆ. ಕೆಳಗೆ ಜರಿಯಂಚು ಬರಬೇಕು, ಮೇಲೆ ಕಟ್ಟಲಿಕ್ಕೆ ಆಗಬೇಕು. ಚಂದ ನೆರಿಗೆ ಬೀಳಬೇಕು. ಗೊತ್ತುಂಟಲ್ಲ?"

"ಗುಡೀಗೆ ಏನ್ರಿ? ಅಷ್ಟೂ?"

"ಹೌದು ಮಾರಾಯ್ತಿ, ಅಷ್ಟೂ ಗುಡಿಗೇ."

"ಅರವತ್ ಗುಡಿ ಅದಾವೇನ್ರಿ ಈ ಊರಾಗ?"

"ಅರವತ್ತೆಂತ? ಇಲ್ಲಿ ಮನೆಗೊಂದು ಗುಡಿ."

"ಮನಿಗೊಂದ್ ಗುಡಿ!" ಶರಣವ್ವ ಎರಡೂ ಕೈ ಗಲ್ಲಕ್ಕೆ ಮುಟ್ಟಿಸಿಕೊಂಡಳು. "ಭಾಳ ಪುಣ್ಯವಂತರ್ ಬಿಡ್ರಿ ಈ ಮಂದಿ."

ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅವಳ ಊರಲ್ಲಿ ಗುಡಿಯೆಂದರೆ ದೇವಸ್ಥಾನ. ನಮ್ಮೂರಲ್ಲೂ ಅಷ್ಟೇ. ಹನ್ನೊಂದು ವರ್ಷ ಮುಂಬೈಯಲ್ಲಿ ಕೂತು ನನಗದು ಮರೆತೇ ಹೋಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಬಂದೆ. ನೀಲಾ ವಹಿನಿಯ ಗಡುವಿಗೆ ಮೂರೇ ದಿನ. ಶರಣವ್ವ ಇಸ್ತ್ರಿ ಮಾಡಿದ ಬಟ್ಟೆಯ ರಾಶಿಯ ಪಕ್ಕ, ಪರೀಕ್ಷೆಯಲ್ಲಿ ಪಾಸಾದವಳ ಮುಖ ಮಾಡಿಕೊಂಡು ನಿಂತಿದ್ದಳು. ಮೇಲಿನದನ್ನು ಬಿಡಿಸಿದೆ. ಅದು ಪರದೆ! ಗರ್ಭಗುಡಿಯ ಬಾಗಿಲಿಗೆ ಹಾಕುವ ಪುಟ್ಟ ಪರದೆ. ಸರಳು ತೂರಿಸಲು ಮೇಲೆ ನೀಟಾದ ಕೊಳವೆ, ಕೆಳಗೆ ಜರಿ. ಮಂಗಳಾರತಿಗೆ ಎರಡು ಕಡೆಗೂ ಸರಿಯಬೇಕಲ್ಲ, ಅದಕ್ಕೆ ಪ್ರತಿ ಖಣವನ್ನೂ ನಡುವೆ ಸೀಳಿ ಎರಡೆರಡು ಪಟ್ಟಿ ಮಾಡಿದ್ದಳು. ಅರವತ್ತಕ್ಕೆ ಅರವತ್ತೂ.

"ಎಂತ ಮಾಡಿ ಇಟ್ಟದ್ದು ನೀನು?"

"ಗುಡೀ ಪರದೇರಿ..."

"ಯಾವ ಗುಡಿ? ಇದನ್ನು ಕೋಲಿಗೆ ಕಟ್ಟಬೇಕಿತ್ತು!"

"ದೇವರ್ನ ಕೋಲಿಗ್ ಕಟ್ತಾರೇನ್ರಿ ಇಲ್ಲಿ?"

ಈಗ ಇದನ್ನು ಬರೆಯುವಾಗ ನಗು ಬರುತ್ತದೆ. ಅಂದು ನಾನು ಆಡಬಾರದ ಮಾತನ್ನೂ ಆಡಿದೆ. ಮೂರು ದಿನದಲ್ಲಿ ಹೊಸ ಖಣ ತರಿಸುವುದು ಸಾಧ್ಯವಿರಲಿಲ್ಲ, ತರಿಸಲು ದುಡ್ಡೂ ಇರಲಿಲ್ಲ. ಮತ್ತೆ ಫಾಲ್, ಮತ್ತೆ ಪಿಕೋ, ಇನ್ನೊಂದು ಹನ್ನೊಂದು ವರ್ಷ ಎಂದು ಕಣ್ಣೆದುರೇ ಕಾಣಿಸಿತು. ಶರಣವ್ವ ವಿಷಯ ಅರ್ಥವಾದ ಮೇಲೆ ಅಳಲಿಲ್ಲ. ಕತ್ತರಿ, ಟೇಪು ಒಂದೊಂದಾಗಿ ಮಿಷನ್ನಿನ ಮೇಲೆ ಜೋಡಿಸಿಟ್ಟು, ಸೆರಗು ಕೊಡವಿಕೊಂಡು ಎದ್ದಳು.

"ನಾ ನಾಳಿಂದ ಸೈಟಿಗೆ ಹೊಕ್ಕೀನ್ರಿ ಅಕ್ಕಾರ. ಮರಳಿನಾಗ ಮಾತು ತಪ್ಪೂದಿಲ್ಲ."

ಆ ಮಾತು ನನಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ತಪ್ಪಿದ್ದು ಅವಳ ಹೊಲಿಗೆಯಲ್ಲ, ನನ್ನ ಹೇಳಿಕೆ. "ಕೂತ್ಕೋ" ಎಂದೆ. ಅಷ್ಟರಲ್ಲಿ ಪಕ್ಕದ ಕೋಣೆಯ ಮರಾಠಿ ಕಾಕು ಬಾಗಿಲಲ್ಲಿ ಕಂಡರು. ಕಾಕು ಎಂದರೆ ಚಿಕ್ಕಮ್ಮ, ಚಾಳೆಲ್ಲ ಕರೆಯುವುದೇ ಹಾಗೆ. ಅರವತ್ತು ದಾಟಿದವರು, ನಮ್ಮ ಚಾಳಿನ ವರ್ತಮಾನ ಪತ್ರಿಕೆ. ಕೈಯಲ್ಲಿ ಪಾನ್ಹೆಯ ಪಾತ್ರೆ. ಬೇಯಿಸಿದ ಮಾವಿನಕಾಯಿ, ಬೆಲ್ಲ, ಏಲಕ್ಕಿಯ ಪಾನಕ ಅದು. ಜಗಳದ ಸದ್ದು ಕೇಳಿ ತಂಪು ಮಾಡಲು ತಂದರೋ, ಜಗಳ ಏನೆಂದು ತಿಳಿಯಲು ತಂದರೋ, ನನಗೆ ಈವತ್ತಿಗೂ ಗೊತ್ತಿಲ್ಲ.

ಕಾಕು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದು ಬಟ್ಟೆಯನ್ನು. ಎರಡು ಪಟ್ಟಿ ಎತ್ತಿಕೊಂಡು ನೇರ ನಮ್ಮ ಅಡುಗೆ ಕಟ್ಟೆಗೆ ಹೋಗಿ, ಕೆಳಗೆ ಸಿಲಿಂಡರಿನ ಮುಂದೆ ಹಿಡಿದರು. ತುಕ್ಕು ಹಿಡಿದ ಸಿಲಿಂಡರು ಮಾಯವಾಗಿ ಅಲ್ಲೊಂದು ಪುಟ್ಟ ರಂಗಮಂಟಪ ನಿಂತಿತು.

"ಕಿತೀಲಾ?" ಎಂದರು. ಎಷ್ಟಕ್ಕೆ?

ನನ್ನ ಬೆನ್ನು ನೆಟ್ಟಗಾಯಿತು. ನಾವು ಮಾರುತ್ತೇವೆ ಎಂದು ಹೇಳುವ ಮೊದಲೇ ಒಬ್ಬಳು ಬೆಲೆ ಕೇಳಿದರೆ ಆ ವಸ್ತು ಹಾಳಾದದ್ದಲ್ಲ. ಹೇಗೆ ತೂಗುತ್ತದೆ ನೋಡಿ ಎಂದು ತೋರಿಸಲು ಹೋದೆ. ಮನೆಯಲ್ಲಿ ಸರಳು ಇರಲಿಲ್ಲ. ಒಳಲಂಗದ ಲಾಡಿಯೊಂದನ್ನು ಸೇಫ್ಟಿಪಿನ್ನಿಗೆ ಸಿಕ್ಕಿಸಿ ಕೊಳವೆಯೊಳಗೆ ತೂರಿಸಿದೆ. ಒಂದು ತುದಿಯನ್ನು ಮೊಳೆಗೆ ಕಟ್ಟುತ್ತಿದ್ದೆ, ಇನ್ನೊಂದು ತುದಿಯನ್ನು ಕಾಕು ಸುಮ್ಮನೆ ಎಳೆದರು. ಬಟ್ಟೆ ಸರ್ರನೆ ಮೇಲೆ ಒಟ್ಟಾಯಿತು. ಕೆಳಗೆ ನೆರಿಗೆ ಬಿಚ್ಚಿಕೊಂಡಿತು, ಮದುಮಗಳ ಸೀರೆಯ ನೆರಿಗೆಯ ಹಾಗೆ.

ಮೂವರೂ ನೋಡಿದೆವು. ಮೊದಲು ಬಾಯಿ ಬಿಟ್ಟದ್ದು ಕಾಕು.

"ಅಗೋ ಬಾಯಿ, ಹೀ ತರ್ ಗುಡೀ!"

ಇದೇ ಅಲ್ಲವೇ ಗುಡಿ! ಲಾಡಿ ಎಳೆದರೆ ಗುಡಿಯ ಬಟ್ಟೆ. ಹಬ್ಬ ಮುಗಿದ ಮೇಲೆ ಸಡಿಲಿಸಿದರೆ ಪರದೆ. ಕೋಲಿಗೆ ಕಟ್ಟಿದ ಖಣ ಹಬ್ಬದ ಮರುದಿನ ಟ್ರಂಕು ಸೇರಿ ಮುಂದಿನ ವರ್ಷದವರೆಗೆ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತದೆ. ಇದು ಹಾಗಲ್ಲ, ಒಂದು ದಿನ ಕಿಟಕಿಯಲ್ಲಿ, ವರ್ಷವಿಡೀ ಮನೆಯಲ್ಲಿ. ಮೇಲಾಗಿ ಅರವತ್ತು ಇದ್ದದ್ದು ನೂರಿಪ್ಪತ್ತಾಗಿತ್ತು.

"ಶರಣವ್ವ, ಸೈಟಿಗೆ ನಾಳೆ ಅಲ್ಲ, ಯಾವತ್ತೂ ಹೋಗುವುದು ಬೇಡ. ಲಾಡಿ ಕತ್ತರಿಸು."

ಮುಂದಿನ ಎರಡು ದಿನ ಆ ಕೋಣೆಯಲ್ಲಿ ನೂರಿಪ್ಪತ್ತು ಲಾಡಿ ತೂರಿಸುವ ಹಬ್ಬ. ಕಾಕು ನಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಸೇಫ್ಟಿಪಿನ್ನು ಓಡಿಸಿದರು, ಬಾಯಿ ಅದಕ್ಕಿಂತ ಜೋರಾಗಿ ಓಡಿತು. ನಮ್ಮವರು ವಾರದ ರಜೆಯ ದಿನ ಒಂದು ಮೂಲೆಯಲ್ಲಿ ಕೂತು ಲಾಡಿ ತೂರಿಸುತ್ತ, "ಅರವತ್ತು ಗುಡಿ ಕಟ್ಟಿದ್ದೀಯಲ್ಲ, ಒಂದಕ್ಕಾದರೂ ನನ್ನನ್ನು ಅರ್ಚಕನನ್ನಾಗಿ ಇಡು. ಕೌಂಟರಿನಲ್ಲಿ ಕೂತು ಸಾಕಾಗಿದೆ" ಎಂದರು. ಊಟಕ್ಕೆ ನನ್ನ ನೀರುದೋಸೆ, ಅದಕ್ಕೆ ಶರಣವ್ವನ ಶೇಂಗಾ ಚಟ್ನಿ, ಜೊತೆಗೆ ಕಾಕುವಿನ ಮಾವಿನಕಾಯಿ ಹಾಕಿದ ಕಡಲೆಬೇಳೆ. ನಮ್ಮ ಕೋಸಂಬರಿಯ ತಂಗಿ ಅದು, ಹೆಸರುಬೇಳೆಯ ಬದಲು ನೆನೆಸಿ ಒರಟಾಗಿ ರುಬ್ಬಿದ ಕಡಲೆಬೇಳೆ, ಮೇಲೆ ಸಾಸಿವೆಯ ಒಗ್ಗರಣೆ. ಮೂರು ಊರಿನ ಊಟ ಒಂದೇ ತಟ್ಟೆಯಲ್ಲಿ ಅಷ್ಟು ಹೊಂದಿಕೊಂಡದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗಡುವಿನ ದಿನ ಹನ್ನೊಂದರ ಸುಮಾರಿಗೆ, ಆಫೀಸಿನ ರಶ್ಶು ಇಳಿದ ಮೇಲೆ, ನಾನೂ ಶರಣವ್ವನೂ ಎರಡು ಗಂಟು ಹೊತ್ತು ಲೋಕಲ್ ಹತ್ತಿದೆವು. ದಾದರಿನಲ್ಲಿ ಇಳಿದ ಮೇಲೆ ಅವಳಿಗೆ ಒಂದೇ ಮಾತು ಹೇಳಿದ್ದು, "ನೀನು ಬಾಯಿ ತೆರೆಯಬೇಡ. ಈ ಎರಡನೇ ಗಂಟನ್ನು ಅಂಗಡಿಯ ಸ್ಟೂಲಿನ ಕೆಳಗಿಟ್ಟು ಅದರ ಮುಂದೆ ಸೀರೆ ಹರಡಿ ಕೂತ್ಕೋ."

ನೀಲಾ ವಹಿನಿ ಬಟ್ಟೆ ಬಿಡಿಸಿ, ಕನ್ನಡಕ ಮೇಲೇರಿಸಿ, ಮತ್ತೆ ಇಳಿಸಿ ನೋಡಿದರು.

"ಇದು ನಾನು ಹೇಳಿದ್ದಲ್ಲ. ಅರ್ಧ ಬಟ್ಟೆ ಇದು."

"ಅಲ್ಲ ವಹಿನಿ, ಹೇಳಿದ್ದಲ್ಲ. ಹೇಳಿದ್ದಕ್ಕಿಂತ ಒಳ್ಳೆಯದು. ನಿಮ್ಮ ಗಿರಾಕಿಗಳು ಈಗ ಹಳೇ ಕಾಲದ ದೊಡ್ಡ ವಾಡೆಯಲ್ಲಿಲ್ಲ, ಫ್ಲ್ಯಾಟಿನಲ್ಲಿದ್ದಾರೆ. ಇಡೀ ಖಣ ಕಟ್ಟಿದರೆ ಗಾಳಿಗೆ ಹಾರಿ ಕೆಳಗಿನ ಮನೆಯವರ ಕಿಟಕಿಗೆ ಬಡಿಯುತ್ತದೆ."

"ಹಾಗಾದರೆ ಅರ್ಧ ಬೆಲೆ."

"ಬೆಲೆ ಮಾತಾಡಿದ್ದೇ. ಲಾಡಿ ನನ್ನ ಕಡೆಯಿಂದ."

ಅಂಗಡಿಯಲ್ಲಿ ಸಕ್ಕರೆಯ ಹಾರ ಆರಿಸುತ್ತಿದ್ದ ಒಬ್ಬ ಅಜ್ಜಿ ನಮ್ಮ ಕಡೆ ಕಿವಿ ಕೊಟ್ಟಿದ್ದರು. ನಾನು ವಹಿನಿಯನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿ ಲಾಡಿ ಎಳೆದು ತೋರಿಸಿದೆ, ಸಡಿಲಿಸಿ ತೋರಿಸಿದೆ. ಮಾತಾಡಲಿಲ್ಲ. ಬಟ್ಟೆ ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅಜ್ಜಿ ಎರಡು ಸಲ ತಾವೇ ಎಳೆದು ನೋಡಿ, "ನಮ್ಮ ದೇವರ ಕಪಾಟಿಗೆ ಸರಿಯಾಗುತ್ತದೆ. ಎರಡು ಕೊಡು, ಸೊಸೆಗೂ ಒಂದು" ಎಂದರು. ವಹಿನಿ ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ತಾವು ಮಾರಬೇಕಾದ ಬೆಲೆಯನ್ನು ಆ ಕ್ಷಣದಲ್ಲೇ ಮನಸ್ಸಿನಲ್ಲಿ ಏರಿಸಿಕೊಂಡು, ಗಟ್ಟಿಯಾಗಿ ಹೇಳಿದರು. ಅಜ್ಜಿ ಚಕಾರವೆತ್ತದೆ ಕೊಟ್ಟರು.

ಅರ್ಧ ಗಂಟೆಯಲ್ಲಿ ಒಂಬತ್ತು ಹೋದವು. ಹತ್ತನೆಯದನ್ನು ಕಟ್ಟಿಕೊಡುತ್ತ ವಹಿನಿ ನನ್ನ ಕಡೆ ನೋಡದೆಯೇ ಕೇಳಿದರು, "ಇನ್ನೂ ಎಷ್ಟು ಮಾಡಿಕೊಡಲಿಕ್ಕೆ ಆಗುತ್ತದೆ? ನಾಡಿದ್ದು ಹಬ್ಬ."

"ಕಷ್ಟ ವಹಿನಿ. ಅವಸರದ ಕೆಲಸಕ್ಕೆ ಅವಸರದ ಬೆಲೆ ಇರುತ್ತದೆ."

ಅವರು ಬೆಲೆ ಹೇಳಿದರು. ನಾನು ಕತ್ತು ಅಲ್ಲಾಡಿಸಿದೆ. ಇನ್ನೊಂದು ಹೇಳಿದರು. ನಾನು ಶರಣವ್ವನ ಕಡೆ ನೋಡಿದೆ. ಅವಳು ಸೀರೆ ಸರಿಸಿ ಸ್ಟೂಲಿನ ಕೆಳಗಿಂದ ಉಳಿದ ಅರವತ್ತರ ಗಂಟು ಎಳೆದಳು. ವಹಿನಿ ಕೌಂಟರ್ ಬಡಿದು ನಕ್ಕರು.

"ಬೇರೆ ಮನೆಯಲ್ಲಿ ಹುಟ್ಟಿದ್ದರೆ ನೀನು ನನ್ನ ಅಂಗಡಿಯನ್ನೇ ಕೊಳ್ಳುತ್ತಿದ್ದೆ! ನಿಜ ಹೇಳು, ಈ ಉಪಾಯ ಹೇಗೆ ಹೊಳೆಯಿತು?"

ದುಡ್ಡು ಕೈಗೆ ಬಂದ ಮೇಲೆ ನಿಜ ಹೇಳಲು ನನಗೆ ಯಾವ ಅಡ್ಡಿಯೂ ಇಲ್ಲ. ಹೇಳಿದೆ. ಕನ್ನಡದಲ್ಲಿ ಗುಡಿ ಎಂದರೆ ಮಂದಿರ, ಇವಳು ಹೊಲಿದದ್ದು ಮಂದಿರದ ಪರದೆ, ಅರವತ್ತು ಮಂದಿರಕ್ಕೆ. ವಹಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ಶರಣವ್ವನನ್ನು ಕರೆದು ಅವಳ ಹೊಲಿಗೆಯ ಮೇಲೆ ಉಗುರು ಆಡಿಸಿ ನೋಡಿದರು. "ಗಣಪತಿ ಹಬ್ಬಕ್ಕೆ ನನಗೆ ನಿಜವಾದ ಮಂದಿರದ ಪರದೆಯೇ ಬೇಕು. ಮನೆಮನೆಯ ಮಂಟಪಕ್ಕೆ. ಇವಳೇ ಹೊಲಿಯಬೇಕು. ಅದಕ್ಕೆ ಮೊದಲು ಚೈತ್ರ ಗೌರಿಯ ಅರಿಸಿನ ಕುಂಕುಮಕ್ಕೆ ಖಣದ ಬಟುವೆ, ಇನ್ನೂರು."

ಶರಣವ್ವನಿಗೆ ಮರಾಠಿ ಅಷ್ಟು ತಿಳಿಯದು. "ಏನಂದ್ರು?" ಎಂದು ನನ್ನ ಕೈ ಹಿಡಿದಳು.

"ವರ್ಷವಿಡೀ ಕೆಲಸ ಅಂತೆ."

"ನಿಮಗೇನ್ರಿ?"

"ನಮಗೆ."

ಹಬ್ಬದ ಬೆಳಿಗ್ಗೆ ಅವಳು ಇಳಕಲ್ ಸೀರೆ ಉಟ್ಟು ಬಂದಳು. ಕಾಕುವಿನ ಕಿಟಕಿಯಲ್ಲಿ ನಿಂತ ಗುಡಿಗೆ ಕೈ ಮುಗಿದು, "ಹಂಗಾದ್ರ ಇದಽ ಏನ್ರಿ ಗುಡಿ? ಒಳಗ ದೇವರು ಎಲ್ಲಿ?" ಎಂದಳು. "ಹೊರಗೇ ಉಂಟು, ಗಾಳಿ ತೆಗೆದುಕೊಳ್ಳುತ್ತ" ಎಂದೆ. ಪೂರಿ, ಶ್ರೀಖಂಡ, ಅವಳು ತಮ್ಮೂರಿನ ರೀತಿ ಮಾಡಿದ ಬೇವಿನ ಪಾನಕ ಡಬ್ಬಿಗೆ ತುಂಬಿಕೊಂಡು, ಇಬ್ಬರ ಗಂಡಂದಿರನ್ನೂ ಕಾಕುವನ್ನೂ ಕರಕೊಂಡು ವರ್ಸೋವಾಕ್ಕೆ ಹೋಗಿ ದೋಣಿಯಲ್ಲಿ ಆಚೆ ದಡದ ಮಢ ಎಂಬ ಮೀನುಗಾರರ ಹಳ್ಳಿಗೆ ದಾಟಿದೆವು. ಹನ್ನೊಂದು ವರ್ಷದಲ್ಲಿ ಕೆಲಸವಿಲ್ಲದೆ ಹೋದ ಮೊದಲ ಪ್ರಯಾಣ ಅದು. ಮೀನುಗಾರರ ದೋಣಿಗಳ ಮೇಲೂ ಪುಟ್ಟ ಗುಡಿಗಳು ನಿಂತಿದ್ದವು. ಉಪ್ಪು ಗಾಳಿಯಲ್ಲಿ ಕೂತು ನಾನು ಆರ್ಡರಿನ ಬಗ್ಗೆ ಒಂದು ಮಾತೂ ಆಡಲಿಲ್ಲವೆಂದು ನಮ್ಮವರು ಈಗಲೂ ಹೇಳುತ್ತಾರೆ. ಸುಳ್ಳು. ಬಟುವೆಯ ಅಳತೆಯನ್ನು ಶರಣವ್ವನ ಅಂಗೈ ಮೇಲೆ ಬೆರಳಿಂದ ಬರೆದು ತೋರಿಸಿದ್ದೆ. ಈ ಸಲ ಮಾದರಿಯಿಲ್ಲದೆ ಕತ್ತರಿ ಮುಟ್ಟಬೇಡ ಎಂದೂ ಹೇಳಿದ್ದೆ. ಫಾಲ್ ಹಚ್ಚಲು ಬಂದ ಸೀರೆಗಳನ್ನು ಆ ವಾರವೇ ಎದುರಿನ ಓಣಿಯ ಹುಡುಗಿಗೆ ಒಪ್ಪಿಸಿಬಿಟ್ಟೆ.

ಈಗ ನಿಮಗೆ. ಚೈತ್ರಕ್ಕೆ ಮನೆ ಹೊಸದು ಮಾಡಬೇಕೆನಿಸಿದರೆ ಬಣ್ಣದವನನ್ನು ಕರೆಯುವ ಮೊದಲು ಒಂದು ಪರದೆ ಬದಲಾಯಿಸಿ ನೋಡಿ, ಅರ್ಧ ಆಸೆ ಅಲ್ಲೇ ತೀರುತ್ತದೆ. ಖಣ ಕೊಂಡರೆ ಮೊದಲ ಸಲ ಉಪ್ಪು ನೀರಲ್ಲಿ ಬೇರೆಯಾಗಿ ನೆನೆಸಿ, ಹಸಿರೂ ಕೆಂಪೂ ಒಟ್ಟಿಗೆ ಬೇಡ. ಪಾನ್ಹೆಗೆ ನಾರು ಬಿಡದ ಎಳೆ ಮಾವಿನಕಾಯಿ ಆರಿಸಿ, ಬೆಲ್ಲ ಬಿಸಿಯಲ್ಲೇ ಹಾಕಿ. ದಾದರಿಗೆ ಹಬ್ಬದ ಖರೀದಿಗೆ ಹೋಗುವವರು ಬೆಳಗಿನ ಎಂಟರೊಳಗೆ ಹೋಗಿ, ತಡವಾದರೆ ನನ್ನ ಹಾಗೆ ಕೇಳಿದಷ್ಟು ಕೊಟ್ಟು ಬನ್ನಿ. ಇನ್ನು, ಏನಾದರೂ ತಪ್ಪಾಗಿ ಹೊಲಿದುಹೋದರೆ ಬಿಚ್ಚಲು ಕೂರಬೇಡಿ, ಹೊಲಿದವಳನ್ನು ಬೈಯಲೂಬೇಡಿ. ಅದನ್ನು ಗೋಡೆಗೆ ತೂಗಿಹಾಕಿ ಪಕ್ಕದ ಮನೆಯವರನ್ನು ಚಹಾಕ್ಕೆ ಕರೆಯಿರಿ. ಅವರು ಬೆಲೆ ಕೇಳಿದರೆ ಮಾಲು ಚೆನ್ನಾಗಿದೆ ಎಂದು ತಿಳಿಯಿರಿ. ಆದರೆ ಅವರು ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ.